ಕಲ್ಲು ಇದ್ದಲ್ಲೇ ಇರಲಿ

ನಮ್ಮ ಭಾಗದ ಶಾಲೆಗಳ ಪ್ರವಾಸದ ಊರುಗಳು ಬಹಳ ವರ್ಷಗಳಿಂದ ಬದಲಾಗಿಲ್ಲ. ವಿಜಾಪುರದ ಗೋಳಗುಮ್ಮಟ, ಬಾದಾಮಿ, ಐಹೊಳೆ, ಪಟ್ಟದಕಲ್ಲು, ಹಂಪಿ. ದಿನವೂ ದುಡ್ಡೂ ಕೂಡಿಬಂದರೆ ಮೈಸೂರು. ಇವೆಲ್ಲ ನೋಡಲೇಬೇಕಾದ ಸ್ಥಳಗಳೇ, ಅದರಲ್ಲಿ ತಕರಾರಿಲ್ಲ. ಆದರೆ ಇಷ್ಟನ್ನೂ ನೋಡಿ ಬಂದ ಯಾದಗಿರಿಯ ಹುಡುಗನೊಬ್ಬನಿಗೆ, ತನ್ನ ಮನೆಯಿಂದ ಒಂದು ಗಂಟೆಯ ಬಸ್ ದಾರಿಯಲ್ಲಿ ಹಂಪಿಗಿಂತ ಎಷ್ಟೋ ಶತಮಾನ ಹಳೆಯದಾದ ಒಂದು ಸ್ಥಳವಿದೆ ಎಂಬುದು ಗೊತ್ತಿರುವುದಿಲ್ಲ. ಅವನ ತಂದೆತಾಯಿಗೂ ಗೊತ್ತಿರುವುದಿಲ್ಲ. ಹೆಚ್ಚಿನ ಸಲ ಅವನ ಮೇಷ್ಟರಿಗೂ.

ಸಂಕ್ರಾಂತಿ ಕಳೆದ ಮೇಲೆ ಅಕ್ಕನ ಮಗ ನನ್ನಲ್ಲಿ ಬಂದು ನಾಲ್ಕು ದಿನ ಇದ್ದ. ಒಂಬತ್ತನೆಯ ತರಗತಿ. ಇತಿಹಾಸವೆಂದರೆ ಇಸವಿಗಳ ಕಾಟ ಎಂದು ನಂಬಿಕೊಂಡವನು. "ನಾಳೆ ವಿಭೂತಿಹಳ್ಳಿಗೆ ಹೋಗೋಣ" ಎಂದೆ. "ಅಲ್ಲೇನದ ಮಾಮಾ?" ಎಂದ. "ಕಲ್ಲು" ಎಂದೆ. ಮುಖ ಸಪ್ಪಗೆ ಮಾಡಿಕೊಂಡರೂ ಇಲ್ಲವೆನ್ನಲಿಲ್ಲ.

ಯಾದಗಿರಿಯಿಂದ ನಸುಕಿನ ಬಸ್ಸು ಹಿಡಿದೆವು. ಊರು ದಾಟುತ್ತಲೇ ಭೀಮಾ ನದಿ, ಮುಂದೆ ದೋರನಹಳ್ಳಿ, ಆಮೇಲೆ ಶಹಾಪುರ. ಶಹಾಪುರದ ಬೆಟ್ಟಸಾಲನ್ನು ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಅದನ್ನು ಮಾತ್ರ ಎಲ್ಲರೂ ತೋರಿಸುತ್ತಾರೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದ ವಿಭೂತಿಹಳ್ಳಿಯನ್ನು ಯಾರೂ ತೋರಿಸುವುದಿಲ್ಲ. ಕೇಳುತ್ತ ಹೋಗಬೇಕು.

ಮೊದಲು ಏನೂ ಕಾಣಲಿಲ್ಲ

ಹೋಗಿ ನಿಂತಾಗ ನಮ್ಮ ಹುಡುಗ ಹೇಳಿದ್ದು ಒಂದೇ ಮಾತು: "ಬರೀ ಕಲ್ಲು ಅದಾವಲ್ಲ ಮಾಮಾ." ಅವನ ತಪ್ಪಲ್ಲ. ಜಾಲಿಗಿಡ, ಒಣಹುಲ್ಲು, ಅವುಗಳ ನಡುವೆ ಅಲ್ಲಲ್ಲಿ ಗ್ರಾನೈಟಿನ ಗುಂಡುಗಳು. ಕೆಲವು ಮೊಣಕಾಲೆತ್ತರ, ಕೆಲವು ಸೊಂಟದೆತ್ತರ, ಕೆಲವು ಇನ್ನೂ ದೊಡ್ಡವು. ಉಳಿಯ ಗುರುತಿಲ್ಲ, ಚಿತ್ರವಿಲ್ಲ, ಅಕ್ಷರವಿಲ್ಲ. ಬೆಟ್ಟದ ಬುಡದಲ್ಲಿ ಕಲ್ಲುಗಳಿರುವುದರಲ್ಲಿ ಆಶ್ಚರ್ಯವೇನು?

"ಆ ಕಲ್ಲಿನ ಹಿಂದೆ ಹೋಗಿ ನಿಲ್ಲು. ಒಂದು ಕಣ್ಣು ಮುಚ್ಚಿ ಎದುರಿಗೆ ನೋಡು" ಎಂದೆ. ಹೋಗಿ ನಿಂತ. ಒಂದು ಹೆಜ್ಜೆ ಎಡಕ್ಕೆ ಸರಿದ, ಅರ್ಧ ಹೆಜ್ಜೆ ಬಲಕ್ಕೆ ಬಂದ. ಆಮೇಲೆ ಸುಮ್ಮನಾದ. ಅವನ ಕಣ್ಣಿಗೆ ಸಾಲು ಸಿಕ್ಕಿತ್ತು. ಒಂದರ ಹಿಂದೆ ಒಂದು, ಅದರ ಹಿಂದೆ ಇನ್ನೊಂದು. ಪಕ್ಕಕ್ಕೆ ತಿರುಗಿದ, ಅಲ್ಲೂ ಸಾಲು. ಓರೆಯಾಗಿ ನೋಡಿದ, ಅಲ್ಲೂ ಸಾಲು.

ನಸುಕಿನಲ್ಲಿ ಹೋಗಿದ್ದರ ಲಾಭ ಇದು. ಸೂರ್ಯ ನೆಲಕ್ಕೆ ಹತ್ತಿರವಿರುವಾಗ ಪ್ರತಿ ಕಲ್ಲಿಗೂ ಉದ್ದನೆಯ ನೆರಳಿರುತ್ತದೆ. ಹುಲ್ಲಿನಲ್ಲಿ ಹುದುಗಿದ ಸಣ್ಣ ಕಲ್ಲೂ ನೆರಳಿನಿಂದ ತನ್ನ ಇರುವನ್ನು ಹೇಳುತ್ತದೆ. ನೆತ್ತಿಯ ಬಿಸಿಲಿನಲ್ಲಿ ಹೋದವರಿಗೆ ಕಲ್ಲು ಕಾಣುತ್ತದೆ, ಸಾಲು ಕಾಣುವುದು ಕಷ್ಟ. ಪುರಾತತ್ವದವರು ಹಳೆಯ ನೆಲೆಗಳನ್ನು ಓರೆ ಬಿಸಿಲಿನಲ್ಲಿ ನೋಡುವುದು, ಚಿತ್ರ ತೆಗೆಯುವುದು ಇದೇ ಕಾರಣಕ್ಕೆ.

ಹುಡುಗ ಹೆಜ್ಜೆ ಎಣಿಸಲು ಶುರುಮಾಡಿದ. ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಹೆಚ್ಚುಕಡಿಮೆ ಒಂದೇ ಲೆಕ್ಕ ಬರುತ್ತಿತ್ತು. ಕೆಲವು ಕಲ್ಲು ಉರುಳಿವೆ, ಕೆಲವು ಕಡೆ ಸಾಲು ತುಂಡಾಗಿದೆ. ಆದರೂ ನಿಯಮ ತಿಳಿಯುತ್ತದೆ. ನಾಲ್ಕು ಕಲ್ಲು ಸೇರಿ ಒಂದು ಚೌಕ. ಚೌಕದ ನಟ್ಟನಡುವೆ ಐದನೆಯದು. ದಾಳದ ಐದು ಚುಕ್ಕಿಯ ಮುಖದ ಹಾಗೆ. ಹೀಗೆ ಚೌಕಕ್ಕೆ ಚೌಕ ಕೂಡಿ ಸುಮಾರು 12 ಎಕರೆಯಲ್ಲಿ ಹರಡಿದೆ ಈ ಕಲ್ಲುಗಳ ಬಯಲು. ಎಕರೆಯ ಲೆಕ್ಕ ಮಕ್ಕಳಿಗೆ ಸುಲಭವಾಗಿ ಹಿಡಿಯುವುದಿಲ್ಲ. 12 ಎಕರೆಯೆಂದರೆ ಬದಿಗೆ 220 ಮೀಟರಿನಷ್ಟಿರುವ ಒಂದು ಚೌಕ. ಸುತ್ತು ಹಾಕಿದರೆ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ.

"ಅವ್ವ ರಂಗೋಲಿಗೆ ಚುಕ್ಕಿ ಇಡ್ತಾಳಲ್ಲ, ಹಂಗs ಅದ" ಎಂದ ಹುಡುಗ. ನನಗೂ ಅದಕ್ಕಿಂತ ಒಳ್ಳೆಯ ಹೋಲಿಕೆ ಸಿಕ್ಕಿಲ್ಲ. ಎರಡು ಚುಕ್ಕಿಗಳ ನಡುವಿನ ಸಂದಿಯಲ್ಲಿ ಮುಂದಿನ ಸಾಲಿನ ಚುಕ್ಕಿ ಬರುವ ರಂಗೋಲಿಯನ್ನು ನೆನೆಸಿಕೊಳ್ಳಿ. ಇಲ್ಲಿ ಚುಕ್ಕಿಗಳು ಉಳಿದಿವೆ. ಗೆರೆ ಎಳೆದು ಅದೇನು ಚಿತ್ರವೆಂದು ಹೇಳಬಲ್ಲವರು ಹೋಗಿ ಎರಡು ಸಾವಿರ ವರ್ಷಕ್ಕೂ ಹೆಚ್ಚಾಯಿತು.

ನೋಡಿದವರು, ಬರೆದವರು

ಈ ಕಲ್ಲುಗಳನ್ನು ಮೊದಲು ಬರಹಕ್ಕೆ ಇಳಿಸಿದವನ ಹೆಸರು ಸುರಪುರದ ಮಕ್ಕಳಿಗೆ ಗೊತ್ತು. ಊರ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡದವರಾರು? ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿ, ಹದಿನೈದರ ಹುಡುಗನಾಗಿ ಮುಂಬಯಿಗೆ ಬಂದು, ನಿಜಾಮರ ಸೇವೆಗೆ ಸೇರಿದವನು. ಠಕ್ಕರ ಮೇಲೆ ಬರೆದ ಕಾದಂಬರಿಯಿಂದ 1839ರಲ್ಲಿಯೇ ಹೆಸರಾದ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತ ಅವನ ಕೈಯಲ್ಲಿತ್ತು. ದೊರೆ ವೆಂಕಟಪ್ಪ ನಾಯಕರು ಆಗ ಇನ್ನೂ ಬಾಲಕ. 1858ರ ಬಂಡಾಯದಲ್ಲಿ ಆ ದೊರೆಗೆ ಬಂದ ದುರಂತದ ಕತೆ ಬೇರೆ. ಅದನ್ನು ಇನ್ನೊಮ್ಮೆ ಹೇಳುವೆ.

ಟೇಲರ್ ಸಂಸ್ಥಾನದಲ್ಲಿ ಕುದುರೆಯ ಮೇಲೆ ತಿರುಗುವಾಗ ಕಲ್ಲುಗೋರಿಗಳನ್ನು, ಕಲ್ಮನೆಗಳನ್ನು, ನಿಲಸುಗಲ್ಲುಗಳನ್ನು ಕಂಡ. ತನ್ನ ದೇಶದಲ್ಲಿಯೂ ಇಂಥವೇ ಇವೆಯಲ್ಲ ಎಂದು ಬೆರಗಾದ. ಇಲ್ಲಿನವರಿಗೂ ಅಲ್ಲಿನವರಿಗೂ ಏನೋ ನಂಟಿರಬೇಕೆಂದು ಊಹಿಸಿದ. ಆ ಊಹೆ ನಿಲ್ಲಲಿಲ್ಲ. ನಿಂತದ್ದು ಅವನ ಕೆಲಸದ ರೀತಿ. ಜೇವರ್ಗಿಯ ಬಳಿ ಗೋರಿಗಳನ್ನು ಅಗೆದಾಗ ಮಡಕೆ, ಕಬ್ಬಿಣ, ಎಲುಬು ಸಿಕ್ಕವು. ಅವನ್ನು ಬುಟ್ಟಿಗೆ ತುಂಬಿ ಮುಂದೆ ಹೋಗಲಿಲ್ಲ. ಯಾವ ಪದರದ ಮೇಲೆ ಯಾವ ಪದರ, ಯಾವ ವಸ್ತು ಎಲ್ಲಿ ಹೇಗೆ ಇತ್ತು ಎಂದು ಕೊಯ್ದ ಹಣ್ಣಿನಂತೆ ಚಿತ್ರ ಬರೆದಿಟ್ಟ. ನೂರು ವರ್ಷದ ಮೇಲೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು 1947ರಲ್ಲಿ ಅಗೆದ ಮಾರ್ಟಿಮರ್ ವೀಲರ್, ಉತ್ಖನನ ಕಲಿಸುವ ತನ್ನ ಪುಸ್ತಕದಲ್ಲಿ ಟೇಲರನ ಈ ಕೆಲಸವನ್ನು ಎತ್ತಿಹೇಳಿದ.

ಟೇಲರನ ನಂತರ ಈ ಕಲ್ಲುಸಾಲುಗಳನ್ನು ಒಟ್ಟಾಗಿ ಕೂಡಿಸಿ ನೋಡಿದವರು ರೇಮಂಡ್ ಆಲ್ಚಿನ್. ರಾಯಚೂರು ಸೀಮೆಯ ಪಿಕ್ಕಳಿಹಾಳವನ್ನು ಅಗೆದವರು ಇವರೇ. ಆಗಿನ ಹೈದರಾಬಾದ್ ರಾಜ್ಯದ ದಕ್ಷಿಣ ಜಿಲ್ಲೆಗಳ ಕಲ್ಲುಸಾಲುಗಳ ಮೇಲೆ 1956ರಲ್ಲಿ ಒಂದು ಲೇಖನ ಬರೆದರು. ಬರೀ ಸಮಾನಾಂತರ ಸಾಲಿನವು, ಚೌಕದ ಜೋಡಣೆಯವು, ಚೌಕದ ನಡುವೆ ಇನ್ನೊಂದು ಕಲ್ಲಿಟ್ಟು ಓರೆ ಸಾಲಾಗುವವು ಎಂದು ವಿಂಗಡಿಸಿದರು. ಇಂಥ ಕಲ್ಲುಸಾಲುಗಳು ಕೃಷ್ಣಾ, ಭೀಮಾ ನದಿಗಳ ಈ ಸೀಮೆಯಲ್ಲಿ ಹೆಚ್ಚಾಗಿ ಕಾಣುತ್ತವೆ ಎಂಬುದನ್ನು ಗಮನಿಸಬೇಕು. ಇಲ್ಲಿನ ಕಬ್ಬಿಣ ಯುಗದ ಜನರ ಕೆಲಸ ಇವು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆ ಕಾಲ ಹೆಚ್ಚುಕಡಿಮೆ ಕ್ರಿಸ್ತಪೂರ್ವ 1200ರಿಂದ ಮುಂದಿನ ಸಾವಿರ ವರ್ಷ.

ನಮ್ಮ ಜಿಲ್ಲೆಯನ್ನು ಹಿಂದುಳಿದದ್ದು ಎಂದು ಕೇಳಿ ಕೇಳಿ ಬೆಳೆಯುವ ಮಕ್ಕಳಿಗೆ ಇನ್ನೂ ಎರಡು ಹೆಸರು ಹೇಳುವುದು ಅಗತ್ಯ. ಹುಣಸಗಿ ಬಳಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲನ್ನು ಒಡೆದು ಆಯುಧ ಮಾಡುತ್ತಿದ್ದ ಜಾಗ ಸಿಕ್ಕಿದೆ. ಅದರ ವಯಸ್ಸು ಸುಮಾರು 12 ಲಕ್ಷ ವರ್ಷವೆಂದು ಅಂದಾಜು ಮಾಡಿದ್ದಾರೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಸುಮಾರು 4000 ವರ್ಷ ಹಿಂದಿನ ದನಗಾರರ ಊರು, ದನದ ದೊಡ್ಡಿ, ಸಗಣಿ ಸುಟ್ಟು ಗುಡ್ಡೆಯಾದ ಬೂದಿಯ ದಿಬ್ಬ ಸಿಕ್ಕಿವೆ. ಎರಡೂ ಕಡೆ ಅಗೆದು ಅಭ್ಯಾಸ ಮಾಡಿದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. ರಾಜನಕೋಳೂರಿನಲ್ಲಿ ಚಪ್ಪಡಿಗಳಿಂದ ಕಟ್ಟಿದ ಕಲ್ಮನೆಗಳಿವೆ. ಹೀಗೆ ಮನುಷ್ಯನ ಕತೆಯ ಎಲ್ಲ ಅಧ್ಯಾಯಗಳೂ ಒಂದೇ ಜಿಲ್ಲೆಯಲ್ಲಿ ದೊರೆಯುವುದು ಅಪರೂಪ.

ಯಾತಕ್ಕಾಗಿ ನಿಲ್ಲಿಸಿದರು?

ಬುತ್ತಿ ಬಿಚ್ಚಿದಾಗ ಹುಡುಗ ಕೇಳಿದ ಪ್ರಶ್ನೆ ಇದು. ಉತ್ತರ ಕೇಳಿ ಅವನಿಗೆ ಮೊದಲು ನಿರಾಸೆ, ಆಮೇಲೆ ಹುರುಪು ಬಂತು. ಏಕೆಂದರೆ ಖಚಿತವಾದ ಉತ್ತರ ಇನ್ನೂ ಯಾರ ಬಳಿಯೂ ಇಲ್ಲ.

ಗೋರಿಯಾದರೆ ಅಗೆದಾಗ ಎಲುಬೋ ಮಡಕೆಯೋ ಸಿಗುತ್ತದೆ. ಕಲ್ಲುಸಾಲು ಹಾಗೆ ಸುಲಭವಾಗಿ ಬಾಯಿ ಬಿಡುವುದಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಈ ಸೀಮೆಯ ಹನಮಸಾಗರ, ವಿಭೂತಿಹಳ್ಳಿಗಳ ಸಾಲುಗಳನ್ನು ಅಭ್ಯಾಸ ಮಾಡಿದರು. ಸಾಲುಗಳು ನಾಲ್ಕು ದಿಕ್ಕುಗಳನ್ನು ಅನುಸರಿಸುತ್ತವೆ, ಸೂರ್ಯನ ಉದಯಾಸ್ತಗಳನ್ನು ಗುರುತಿಸಲು, ವರ್ಷದ ಲೆಕ್ಕ ಇಡಲು ಇವು ನೆರವಾಗಿರಬಹುದು ಎಂಬುದು ಅವರ ವಾದ. ಶಿವಮೊಗ್ಗ ಜಿಲ್ಲೆಯ ನಿಲಸ್ಕಲ್ ಎಂಬಲ್ಲಿನ ನಿಲಸುಗಲ್ಲುಗಳ ಬಗ್ಗೆ ಶ್ರೀಕುಮಾರ್ ಮೆನನ್, ಮಯಾಂಕ್ ವಾಹಿಯಾ, ಕೈಲಾಸ್ ರಾವ್ 2012ರಲ್ಲಿ ಇಂಥದೇ ಅಭಿಪ್ರಾಯ ಪ್ರಕಟಿಸಿದರು.

ಒಕ್ಕಲುತನದವರಿಗೆ ವರ್ಷದ ಲೆಕ್ಕ ಬೇಕೇ ಬೇಕು. ದಿಕ್ಕು ಹಿಡಿಯುವುದಕ್ಕೆ ಯಂತ್ರವೂ ಬೇಕಿಲ್ಲ. ನೆಲಕ್ಕೆ ಒಂದು ಕೋಲು ನೆಟ್ಟು, ಅದರ ಸುತ್ತ ಹಗ್ಗದಿಂದ ವೃತ್ತ ಎಳೆಯಿರಿ. ಬೆಳಿಗ್ಗೆ ಕೋಲಿನ ನೆರಳಿನ ತುದಿ ವೃತ್ತವನ್ನು ಮುಟ್ಟುವಲ್ಲಿ ಒಂದು ಗುರುತು, ಮಧ್ಯಾಹ್ನದ ಮೇಲೆ ಮತ್ತೆ ಮುಟ್ಟುವಲ್ಲಿ ಇನ್ನೊಂದು ಗುರುತು. ಎರಡನ್ನೂ ಕೂಡಿಸಿದರೆ ಪೂರ್ವ–ಪಶ್ಚಿಮ ಗೆರೆ. ನಮ್ಮ ಹಳೆಯ ಶಿಲ್ಪಿಗಳು, ಜ್ಯೋತಿಷಿಗಳು ಇದನ್ನು ಶಂಕು ಎಂದು ಕರೆದರು. ಶಾಲೆಯ ಅಂಗಳದಲ್ಲಿ ಒಂದೇ ದಿನದಲ್ಲಿ ಮಾಡಿ ನೋಡಬಹುದು.

ಹಾಗೆಂದು "ನಮ್ಮ ಹಿರಿಯರ ವೀಕ್ಷಣಾಲಯ" ಎಂದು ಕೂಡಲೇ ಫಲಕ ಬರೆಸಿಬಿಡುವುದೂ ಸರಿಯಲ್ಲ. ಇಲ್ಲಿ ಒಂದು ಸಣ್ಣ ಗಣಿತವಿದೆ. ನಮ್ಮ ಅಕ್ಷಾಂಶ ಸುಮಾರು 16.7 ಡಿಗ್ರಿ. ಈ ಅಕ್ಷಾಂಶದಲ್ಲಿ ಜೂನ್ 21ರ ಸೂರ್ಯ ನೇರ ಪೂರ್ವದಿಂದ ಉತ್ತರಕ್ಕೆ ಸುಮಾರು 25 ಡಿಗ್ರಿ ಸರಿದು ಹುಟ್ಟುತ್ತಾನೆ. ಡಿಸೆಂಬರ್ 21ರಂದು ದಕ್ಷಿಣಕ್ಕೆ ಅಷ್ಟೇ. ಅದರಾಚೆ ಎಂದೂ ಹೋಗುವುದಿಲ್ಲ. ಚೌಕದ ಕರ್ಣವಾದರೋ 45 ಡಿಗ್ರಿಯದು. ಅಂದರೆ ಬದಿಗಳು ದಿಕ್ಕಿಗೆ ನೇರವಾಗಿರುವ ಚೌಕದ ಓರೆ ಸಾಲಿನಲ್ಲಿ ನಮ್ಮೂರಿನ ಸೂರ್ಯ ಯಾವ ದಿನವೂ ಹುಟ್ಟುವುದಿಲ್ಲ. ಆದರೆ ಒಂದು ಕಲ್ಲಿನಿಂದ ಪೂರ್ವಕ್ಕೆ ಎರಡು ಮನೆ, ಉತ್ತರಕ್ಕೆ ಒಂದು ಮನೆ, ಚದುರಂಗದ ಕುದುರೆಯಂತೆ ಹೋಗಿ ನೋಡಿ: ಆ ಗೆರೆ 26 ಡಿಗ್ರಿಗೆ ಸ್ವಲ್ಪ ಹೆಚ್ಚು. ಜೂನ್ ಸೂರ್ಯನಿಗೆ ಬಹಳ ಹತ್ತಿರ!

ಹಾಗಾದರೆ ಅವರು ಬೇಕೆಂದೇ ಹಾಗೆ ಮಾಡಿದರೋ, ಚೌಕಗಳ ಬಯಲಿನಲ್ಲಿ ತಾನಾಗಿಯೇ ಆ ಗೆರೆ ಬಂದಿತೋ? ನೂರಾರು ಚುಕ್ಕಿಗಳಿದ್ದಲ್ಲಿ ಸಾವಿರಾರು ಗೆರೆ ಎಳೆಯಬಹುದು. ಅವುಗಳಲ್ಲಿ ಕೆಲವು ಸೂರ್ಯನ ಕಡೆಗೆ ಇದ್ದೇ ಇರುತ್ತವೆ. ವಿಜ್ಞಾನದಲ್ಲಿ ಒಂದು ಊಹೆಯನ್ನು ಒಪ್ಪುವ ಮೊದಲು, ಅದಿಲ್ಲದೆಯೂ ಈ ಫಲ ಬರುತ್ತಿತ್ತೇ ಎಂದು ಕೇಳಬೇಕು. ಈ ಪ್ರಶ್ನೆ ತಿಳಿದ ಮೇಲೆ ಹುಡುಗ ನೋಟುಪುಸ್ತಕದ ಚೌಕುಳಿ ಹಾಳೆಯಲ್ಲಿ ಚುಕ್ಕಿ ಇಟ್ಟು ಕೋನಮಾಪಕ ಹಿಡಿದು ಕುಳಿತವನು ಅರ್ಧ ಗಂಟೆ ತಲೆ ಎತ್ತಲಿಲ್ಲ.

ಆದರೆ ಈ ವಾದ, ಪ್ರತಿವಾದ ಎರಡಕ್ಕೂ ಆಧಾರ ಒಂದೇ. ಕಲ್ಲು ಯಾವ ಜಾಗದಲ್ಲಿದೆ ಎಂಬುದು. ಒಂದು ಕಲ್ಲನ್ನು ಎರಡು ಮೊಳ ಸರಿಸಿದರೆ ಗೆರೆಯ ಕೋನ ಬದಲಾಯಿತು. ಇಪ್ಪತ್ತು ಕಲ್ಲು ಹೋದರೆ ವಾದವೇ ಮುಗಿಯಿತು.

ಬಾಂದಗಲ್ಲಿನ ಮಾತು

ನಾವು ಟೇಪು ಹಿಡಿದು ಓಡಾಡುವುದನ್ನು ನೋಡಿ ಆಡು ಕಾಯುವ ಯಜಮಾನರೊಬ್ಬರು ಹತ್ತಿರ ಬಂದರು. "ಸರ್ವೆದವರೇನ್ರಿ?" ಎಂದರು. ಅಲ್ಲವೆಂದೆ. ಕಲ್ಲುಗಳ ಬಗ್ಗೆ ಕೇಳಿದೆ. "ನಮ್ಮ ಮುತ್ಯಾನ ಕಾಲದಾಗೂ ಹಿಂಗs ಇದ್ವಂತ್ರಿ. ಪಾಂಡವರು ಹಾಕ್ಯಾರಂತ ಮಂದಿ ಅಂತಾರ" ಎಂದರು.

ನಮ್ಮ ಹುಡುಗನಿಗೆ ಅಷ್ಟರಲ್ಲಿ ಈ ಕಲ್ಲುಗಳ ಮೇಲೆ ಹಕ್ಕು ಬಂದುಬಿಟ್ಟಿತ್ತು. "ಅಜ್ಜಾ, ಯಾರರೆ ಕಲ್ಲು ಒಯ್ದ್ರ ಏನ್ ಮಾಡ್ತೀರಿ?" ಎಂದು ಕೇಳಿದ. ಅವರು ನಕ್ಕರು. "ಏ ತಮ್ಮ, ಗುಡ್ಡದ ತುಂಬ ಕಲ್ಲು ಅದಾವ, ಇದನ್ಯಾಕ ಒಯ್ತಾರ?" ಎಂದವರು, ಒಂದು ಗಳಿಗೆ ಬಿಟ್ಟು ತಾವಾಗಿಯೇ ಹೇಳಿದರು: "ಹೊಲದಾಗ ಬಾಂದಗಲ್ಲು ಇರ್ತದ ನೋಡು. ಅದೂ ಕಲ್ಲs. ಒಂದು ಗೇಣು ಸರದ್ರ ಅಣ್ಣತಮ್ಮರು ಕೋರ್ಟಿಗಿ ಹೋಗ್ತಾರ. ಕಲ್ಲಿಗಿ ಕಿಮ್ಮತ್ತಿಲ್ಲ. ಅದು ಕುಂತ ಜಾಗಕ್ಕ ಕಿಮ್ಮತ್ತು."

ಪುರಾತತ್ವದ ಮೊದಲ ಪಾಠವನ್ನು ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ನಾನು ಎಂಟನೆಯ ತರಗತಿಯಲ್ಲಿ ಮಾಡಿದ ತಪ್ಪನ್ನು ಮಾಡುತ್ತಿರಲಿಲ್ಲ.

ಬೇಸಗೆ ರಜೆಗೆ ಸುರಪುರ ಕಡೆಯ ಒಂದು ಹಳ್ಳಿಗೆ, ಸೋದರಮಾವನ ಮನೆಗೆ ಹೋಗಿದ್ದೆ. ಹೊಲದಲ್ಲಿ ಒಂದು ಕಪ್ಪು ಕಲ್ಲು ಸಿಕ್ಕಿತು. ಅಂಗೈಯಷ್ಟು ಉದ್ದ, ಒಂದು ತುದಿ ಚೂಪು, ಇನ್ನೊಂದು ತುದಿ ಕೊಡಲಿಯ ಬಾಯಿಯಂತೆ ನುಣುಪು. ಇಂಥವನ್ನು ನಮ್ಮ ಸೀಮೆಯ ಹಳ್ಳಿಗಳಲ್ಲಿ ಮರದ ಕಟ್ಟೆಯ ಮೇಲೆ, ಗುಡಿಯಲ್ಲಿ ದೇವರೆಂದು ಇಡುವುದುಂಟು. ನಾನು ಜೇಬಿಗೆ ಹಾಕಿಕೊಂಡು ಬಂದೆ. ಶಾಲೆಯ ವಸ್ತುಪ್ರದರ್ಶನದಲ್ಲಿ ಇಟ್ಟೆ, ಎರಡನೆಯ ಬಹುಮಾನ ಬಂತು, ಅಪ್ಪ ಹಿಗ್ಗಿದರು.

ಕಾಲೇಜಿಗೆ ಬಂದಾಗ ಇತಿಹಾಸದ ಗುರುಗಳಿಗೆ ಅದನ್ನು ಹೆಮ್ಮೆಯಿಂದ ತೋರಿಸಿದೆ. ಅವರು ಕೈಯಲ್ಲಿ ತಿರುಗಿಸಿ ನೋಡಿದರು. "ನವಶಿಲಾಯುಗದ ಕೊಡಲಿ. ಚೆನ್ನಾಗಿದೆ. ಎಲ್ಲಿ ಸಿಕ್ಕಿತು?" ಎಂದರು. ಮಾವನ ಊರು ಹೇಳಿದೆ. "ಊರು ಸರಿ, ಯಾವ ಹೊಲ? ಹಳ್ಳದ ಕಡೆಯೋ ಗುಡ್ಡದ ಕಡೆಯೋ? ಹತ್ತಿರ ಮಡಕೆ ಚೂರು ಇತ್ತೇ, ಬೂದಿ ಇತ್ತೇ? ಒಂದೇ ಇತ್ತೋ ಇನ್ನೂ ಇದ್ದವೋ?" ಮಾವನಿಗೆ ಮೂರು ಕಡೆ ಹೊಲವಿತ್ತು. ಯಾವುದರಲ್ಲಿ ಸಿಕ್ಕಿತೆಂದು ನನಗೆ ನೆನಪಿರಲಿಲ್ಲ. ಮಾವ ಆಗಲೇ ತೀರಿಕೊಂಡಿದ್ದರು.

ಗುರುಗಳು ಬೈಯಲಿಲ್ಲ. ಕೊಡಲಿಯನ್ನು ನನ್ನ ಕೈಗೆ ವಾಪಸು ಇಟ್ಟು, "ಇದು ಅಲ್ಲಿದ್ದಾಗ ಒಂದು ಊರಿನ ಸುದ್ದಿ ಹೇಳುತ್ತಿತ್ತು. ಈಗ ಬರೀ ಕಲ್ಲು" ಎಂದರು. ಅದು ಇಂದೂ ನನ್ನ ಮೇಜಿನ ಖಾನೆಯಲ್ಲಿದೆ. ನಾಲ್ಕು ಸಾವಿರ ವರ್ಷ ಕಾಯ್ದುಕೊಂಡಿದ್ದ ವಿಳಾಸವನ್ನು ನಾನು ಒಂದು ಮಧ್ಯಾಹ್ನದಲ್ಲಿ ಅಳಿಸಿಹಾಕಿದ್ದೆ.

ಈ ಕತೆಯನ್ನು ಹುಡುಗನಿಗೆ ಅಲ್ಲಿಯೇ ಕುಳಿತು ಹೇಳಿದೆ. ಅವನು ಮೆಲ್ಲನೆ ಚೀಲದೊಳಗೆ ಕೈ ಹಾಕಿ, ಬೆಳಿಗ್ಗೆ ಆಯ್ದುಕೊಂಡಿದ್ದ ಒಂದು ಮಡಕೆ ಚೂರನ್ನು ಹೊರತೆಗೆದ. ಎಲ್ಲಿಂದ ಎತ್ತಿದ್ದೆನೆಂಬುದು ಅವನಿಗಿನ್ನೂ ನೆನಪಿತ್ತು. ಇಬ್ಬರೂ ಹೋಗಿ ಅಲ್ಲಿಯೇ ಇಟ್ಟು ಬಂದೆವು.

ನೀರು ಬಂತು, ಕಲ್ಲು ಹೋಯಿತು

ಯಜಮಾನರು ಹೇಳಿದಂತೆ ಕಲ್ಲನ್ನು ಕದ್ದೊಯ್ಯುವವರು ಕಡಿಮೆ ಇರಬಹುದು. ಅಪಾಯ ಬೇರೆ ಕಡೆಯಿಂದ ಬರುತ್ತದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಜಲಾಶಯದ ಎಡದಂಡೆ ಕಾಲುವೆ ಸುರಪುರ, ಶಹಾಪುರ ಸೀಮೆಗೆ ನೀರು ತಂದಿತು. ಜೋಳ, ತೊಗರಿ ಬೆಳೆಯುತ್ತಿದ್ದ ನೆಲದಲ್ಲಿ ಭತ್ತ ಬಂತು. ಬಹಳ ಮನೆಗಳಲ್ಲಿ ಮಕ್ಕಳು ಕಾಲೇಜಿಗೆ ಹೋದದ್ದು ಆ ನೀರಿನಿಂದಲೇ, ಅದನ್ನು ಮರೆಯಬಾರದು. ಆದರೆ ಭತ್ತಕ್ಕೆ ಸಮತಟ್ಟಾದ ಮಡಿ ಬೇಕು. ಮಡಿ ಮಾಡುವವನಿಗೆ ನಡುಹೊಲದ ಕಲ್ಲು ತೊಡಕು. ಹಿಂದೆ ಹತ್ತು ಜನ ಹಾರೆ ಹಾಕಿದರೂ ಅಲುಗದ ಕಲ್ಲನ್ನು ಈಗ ಜೆಸಿಬಿ ಐದು ನಿಮಿಷದಲ್ಲಿ ಬದುವಿಗೆ ತಳ್ಳುತ್ತದೆ. ರಸ್ತೆಗೆ, ಮನೆಯ ತಳಪಾಯಕ್ಕೆ, ಜಲ್ಲಿಗೆ ಕಲ್ಲು ಬೇಕೇ ಬೇಕು. ಇದರಲ್ಲಿ ದುರುದ್ದೇಶವೇನೂ ಇಲ್ಲ. ಗೊತ್ತಿಲ್ಲದಿರುವುದೇ ಸಾಕು.

ಇದು ನಮ್ಮಲ್ಲಷ್ಟೇ ಆದದ್ದಲ್ಲ. ಇಂಗ್ಲೆಂಡಿನ ಏವ್‌ಬರಿ ಎಂಬಲ್ಲಿ ಊರನ್ನೇ ಒಳಗಿಟ್ಟುಕೊಂಡ ದೊಡ್ಡ ಶಿಲಾವೃತ್ತವಿದೆ. ಹದಿನೇಳು–ಹದಿನೆಂಟನೆಯ ಶತಮಾನಗಳಲ್ಲಿ ಊರಿನವರೇ ಅದರ ಕಲ್ಲುಗಳನ್ನು ಬೆಂಕಿಯಲ್ಲಿ ಕಾಯಿಸಿ, ನೀರು ಸುರಿದು ಒಡೆದು, ಮನೆ ಕಟ್ಟಿಕೊಂಡರು. 1930ರ ದಶಕದಲ್ಲಿ ಅಲೆಕ್ಸಾಂಡರ್ ಕೀಲರ್ ಎಂಬಾತ ಹೂತುಹೋಗಿದ್ದ ಕಲ್ಲುಗಳನ್ನು ಎತ್ತಿ ನಿಲ್ಲಿಸಿದ. ಒಡೆದುಹೋದ ಕಲ್ಲುಗಳ ಕುಳಿಗಳನ್ನು ಹುಡುಕಿ, ಅಲ್ಲಲ್ಲಿ ಕಾಂಕ್ರೀಟಿನ ಗಿಡ್ಡ ಕಂಬ ನೆಡಿಸಿದ. ಕಲ್ಲು ಹೋದರೂ ಜಾಗ ಉಳಿಯಲಿ ಎಂದು. ಫ್ರಾನ್ಸಿನ ಕಾರ್ನಾಕ್‌ನಲ್ಲಿ 3000ಕ್ಕೂ ಹೆಚ್ಚು ನಿಲಸುಗಲ್ಲುಗಳು ಸಾಲುಸಾಲಾಗಿವೆ. ಅವು 2025ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಮ್ಮ ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಕಲ್ಮನೆಗಳು 2021ರಲ್ಲಿ ಅದೇ ಪಟ್ಟಿಯ ಸಂಭಾವ್ಯ ತಾಣಗಳ ಸಾಲಿಗೆ ಬಂದಿವೆ. ವಿಭೂತಿಹಳ್ಳಿಗೆ ಅಂಥ ಹೆಸರಿಲ್ಲ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕವೆಂಬ ಮನ್ನಣೆ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಆಮೇಲಿನ 200 ಮೀಟರಿನಲ್ಲಿ ಅನುಮತಿ ಬೇಕು. ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು.

ಕಾಯಿದೆ ಇದ್ದರೆ ಸಾಲದು. 12 ಎಕರೆ ಬಯಲನ್ನು ಹಗಲಿರುಳು ಯಾವ ಕಾವಲುಗಾರ ಕಾಯಬಲ್ಲ? ಬಾಂದಗಲ್ಲನ್ನು ಕಾಯುವುದು ಪೊಲೀಸರಲ್ಲ. ಅದು ಎಲ್ಲಿದೆಯೆಂದು ಅಕ್ಕಪಕ್ಕದವರಿಗೆಲ್ಲ ಗೊತ್ತಿರುವುದೇ ಅದರ ಕಾವಲು. ವಿಭೂತಿಹಳ್ಳಿಯ ಕಲ್ಲುಗಳಿಗೂ ಬೇಕಾದದ್ದು ಅದೇ.

ಆದ್ದರಿಂದ ಶಹಾಪುರ, ಸುರಪುರ, ಯಾದಗಿರಿಯ ತಂದೆತಾಯಿಗಳಲ್ಲಿ ಒಂದು ವಿನಂತಿ. ಚಳಿಗಾಲದ ಒಂದು ಭಾನುವಾರ ರೊಟ್ಟಿ ಬುತ್ತಿ ಕಟ್ಟಿಕೊಂಡು ಮಕ್ಕಳನ್ನು ಇಲ್ಲಿಗೆ ಕರೆತನ್ನಿ. ಬೆಳಗಿನ ಬಿಸಿಲಿರುವಾಗಲೇ ಬನ್ನಿ. ಒಂದು ಟೇಪು, ಒಂದು ದಿಕ್ಸೂಚಿ, ಚೌಕುಳಿ ಹಾಳೆ ಇದ್ದರೆ ಸಾಕು. ನಮ್ಮ ಭಾಗದಲ್ಲಿ ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದು ಡಿಗ್ರಿಯ ಆಸುಪಾಸಿನದು. ಒಂದೊಂದು ಕಲ್ಲಿಗೂ ಒಂದು ಸಂಖ್ಯೆ ಕೊಟ್ಟು ಹಾಳೆಯ ಮೇಲೆ ಚುಕ್ಕಿ ಇಡಲಿ. ಕಲ್ಲಿನ ಮೇಲೆ ಬಣ್ಣ ಬೇಡ, ಹೆಸರು ಬೇಡ. ಏನಾದರೂ ಕಂಡರೆ ಎತ್ತದೆ ಚಿತ್ರ ತೆಗೆದು, ಜಾಗ ಬರೆದುಕೊಂಡು, ಮೇಷ್ಟರಿಗೆ ತೋರಿಸಿ ಪುರಾತತ್ವ ಇಲಾಖೆಗೆ ತಿಳಿಸಲಿ. ಮೇ ತಿಂಗಳ 6–7ರ ಸುಮಾರಿಗೆ, ಮತ್ತೆ ಆಗಸ್ಟ್ 5–6ರ ಸುಮಾರಿಗೆ ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ನೆಟ್ಟಗೆ ನಿಂತದ್ದಕ್ಕೆ ಪಕ್ಕದಲ್ಲಿ ನೆರಳೇ ಇರುವುದಿಲ್ಲ. ಮಾರ್ಚ್ 20–21, ಸೆಪ್ಟೆಂಬರ್ 22–23ರಂದು ಸೂರ್ಯ ನೇರ ಪೂರ್ವಕ್ಕೆ ಹುಟ್ಟುತ್ತಾನೆ. ಆ ದಿನ ಯಾವ ಸಾಲಿನ ತುದಿಗೆ ಹುಟ್ಟಿದನೆಂದು ಮಕ್ಕಳು ತಾವೇ ನೋಡಿ ಬರೆದಿಟ್ಟರೆ, ಅದು ಯಾವ ಪುಸ್ತಕದಿಂದ ನಕಲು ಮಾಡಿದ ಯೋಜನಾ ಕಾರ್ಯಕ್ಕಿಂತಲೂ ಮೇಲು.

ಶಾಲೆಗಳು ವರ್ಷಕ್ಕೊಮ್ಮೆ ಹೀಗೆ ಎಣಿಸಿ ಹಾಳೆಯನ್ನು ಕಾಯ್ದಿಟ್ಟರೆ ಇನ್ನೂ ಒಂದು ಲಾಭವಿದೆ. ಹೋದ ವರ್ಷ ಇದ್ದ ಚುಕ್ಕಿ ಈ ವರ್ಷ ಇಲ್ಲವೆಂದರೆ ಮಕ್ಕಳಿಗೆ ಗೊತ್ತಾಗುತ್ತದೆ. ಗೊತ್ತಾದರೆ ಕೇಳುತ್ತಾರೆ.

ಸಂಜೆ ಶಹಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಹುಡುಗ ತನ್ನ ಹಾಳೆ ತೆಗೆದು ನೋಡುತ್ತಿದ್ದ. ಒಂದು ಮೂಲೆಯ ನಲವತ್ತು ಕಲ್ಲು ಮಾತ್ರ ಗುರುತಾಗಿದ್ದವು. ಹೊತ್ತು ಸಾಲದೆ ಉಳಿದವು ಹಾಗೇ ಇದ್ದವು. "ಮಾರ್ಚಿನ್ಯಾಗ ಪರೀಕ್ಷಾ ಅದ ಮಾಮಾ, ಸೆಪ್ಟೆಂಬರಿಗೆ ಬರೋಣೇನು?" ಎಂದ. ಬರೋಣವೆಂದೆ. "ಅಲ್ಲೀತನಕ ಕಲ್ಲು ಇರ್ತಾವಲ್ಲ?" ಎಂದು ಕೇಳಿದ.